ಅನ್ಯಗ್ರಹಗಳ ಶೈತ್ಯವೂ ವಿದ್ಯುತ್ಕೋಶವೂ: ಒಂದು ಚಾರಿತ್ರಿಕ ಸಮೀಕ್ಷೆ

೧

ಚರಿತ್ರೆಯ ಅಭ್ಯಾಸಿಗಳಿಗೆ ಆರಂಭದ ತೇದಿಗಳಲ್ಲಿ ಇರುವಷ್ಟು ಆಸ್ಥೆ ಅಂತ್ಯದ ತೇದಿಗಳಲ್ಲಿ ಇರುವುದಿಲ್ಲ. ಅರಸನೊಬ್ಬನು ಪಟ್ಟಕ್ಕೆ ಬಂದ ವರ್ಷವನ್ನು ನಿರ್ಣಯಿಸುವುದಕ್ಕಾಗಿ ಹತ್ತು ಶಾಸನಗಳನ್ನು ತಡಕುವ ನಾವು, ಅವನ ಆಳ್ವಿಕೆ ಏತರಿಂದ ಮುಗಿಯಿತೆಂಬುದನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದಕ್ಕೆ ಸಾಗುತ್ತೇವೆ. ಗ್ರಹಾನ್ವೇಷಣೆಯ ಚರಿತ್ರೆಯಲ್ಲಿಯೂ ಇದೇ ಪದ್ಧತಿ ಬೇರೂರಿದೆ. ಯಾವ ನೌಕೆ ಯಾವ ದಿನ ಚಂದ್ರನ ನೆಲವನ್ನು ಮುಟ್ಟಿತು, ಯಾವುದು ಮಂಗಳದ ಮೇಲೆ ಇಳಿಯಿತು ಎಂಬುದನ್ನು ವಿದ್ಯಾರ್ಥಿಗಳು ಕಂಠಪಾಠವಾಗಿ ಬಲ್ಲರು. ಆದರೆ ಆ ನೌಕೆ ಅಲ್ಲಿ ಎಷ್ಟು ಇರುಳುಗಳನ್ನು ಕಳೆಯಿತು, ಕೊನೆಗೆ ಏಕೆ ಮೌನವಾಯಿತು ಎಂಬ ಪ್ರಶ್ನೆಗಳು ಸಾಮಾನ್ಯವಾಗಿ ಪುಟದ ಅಂಚಿನಲ್ಲಿಯೇ ಉಳಿದುಬಿಡುತ್ತವೆ.

ಪ್ರಸ್ತುತ ಲೇಖನದಲ್ಲಿ ನಾವು ಈ ಎರಡನೆಯ ಪ್ರಶ್ನೆಗಳನ್ನೇ ಮುಂದಿಟ್ಟುಕೊಂಡು ೧೯೫೭ರಿಂದ ೨೦೨೪ರವರೆಗಿನ ಕೆಲವು ಪ್ರಮುಖ ಯಾನಗಳನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ. ನೌಕೆಯು ಗ್ರಹದ ಮೇಲೆ ಇಳಿಯುವುದು ರಾಕೆಟ್ಟಿಗೆ ಸೇರಿದ ಪ್ರಶ್ನೆ. ಇಳಿದ ಮೇಲೆ ಉಳಿಯುವುದು ಬಹುಮಟ್ಟಿಗೆ ವಿದ್ಯುತ್ಕೋಶಕ್ಕೆ, ಎಂದರೆ ಲೋಕರೂಢಿಯ ಬ್ಯಾಟರಿಗೆ, ಸೇರಿದ ಪ್ರಶ್ನೆ. ಸೂರ್ಯನಿಲ್ಲದ ಹೊತ್ತಿನಲ್ಲಿ ನೌಕೆಗೆ ಆಧಾರವಾಗಿರುವುದು ಇದೊಂದೇ. ಅಂತಹ ಹೊತ್ತಿನಲ್ಲಿಯೇ ಶೈತ್ಯವು ಇದರ ಶಕ್ತಿಯನ್ನು ಉಡುಗಿಸುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ವಿಜ್ಞಾನಿಗಳು ಹಿಡಿದ ದಾರಿಗಳು ಕೇವಲ ರಸಾಯನಶಾಸ್ತ್ರದಿಂದ ನಿರ್ಣಯವಾದವಲ್ಲ. ಆಯಾ ರಾಷ್ಟ್ರಗಳ ಕೈಯಲ್ಲಿ ಎಂತಹ ಉಷ್ಣಮೂಲಗಳಿದ್ದವು ಎಂಬುದರಿಂದಲೂ ನಿರ್ಣಯವಾದವು. ಇದೇ ನಮ್ಮ ಪ್ರತಿಪಾದನೆ.

೨

ವಿಷಯವನ್ನು ಪ್ರವೇಶಿಸುವ ಮುನ್ನ ಶೈತ್ಯವು ವಿದ್ಯುತ್ಕೋಶವನ್ನು ಬಾಧಿಸುವ ಬಗೆಯನ್ನು ಸ್ಥೂಲವಾಗಿ ತಿಳಿಯುವುದು ಅವಶ್ಯ. ೧೮೦೦ರಲ್ಲಿ ಇಟಲಿಯ ವೋಲ್ಟಾ ಎಂಬ ವಿಜ್ಞಾನಿಯು ಎರಡು ಬಗೆಯ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯನ್ನೋ ರಟ್ಟನ್ನೋ ಇರಿಸಿ ತನ್ನ ಪ್ರಸಿದ್ಧವಾದ ವಿದ್ಯುತ್‌ಸ್ತಂಭವನ್ನು ರಚಿಸಿದನು. ಅಂದಿನಿಂದ ಇಂದಿನವರೆಗೆ ಪದಾರ್ಥಗಳು ಬದಲಾಗಿವೆಯೇ ಹೊರತು ಮೂಲರಚನೆ ಬದಲಾಗಿಲ್ಲ. ಎರಡು ಧ್ರುವಗಳು, ಅವುಗಳ ನಡುವೆ ಒಂದು ದ್ರವ. ಆ ದ್ರವದ ಮೂಲಕ ವಿದ್ಯುದಂಶವುಳ್ಳ ಕಣಗಳು, ಎಂದರೆ ಅಯಾನುಗಳು, ಒಂದು ಧ್ರುವದಿಂದ ಇನ್ನೊಂದಕ್ಕೆ ಸಂಚರಿಸುತ್ತವೆ. ಚಳಿಗಾಲದ ಬೆಳಗಿನಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುವಂತೆ ಈ ದ್ರವವೂ ಶೈತ್ಯದಲ್ಲಿ ಮಂದವಾಗುತ್ತದೆ. ಅಯಾನುಗಳ ಸಂಚಾರ ನಿಧಾನವಾಗುತ್ತದೆ. ಧ್ರುವಗಳಲ್ಲಿ ನಡೆಯಬೇಕಾದ ರಾಸಾಯನಿಕ ಕ್ರಿಯೆಯೂ ಜಡವಾಗುತ್ತದೆ. ಕೋಶದಲ್ಲಿ ಶಕ್ತಿ ಇದ್ದರೂ ಅದು ಹೊರಕ್ಕೆ ಬಾರದು. ದ್ರವವು ಪೂರ್ಣವಾಗಿ ಹೆಪ್ಪುಗಟ್ಟಿದರೆ ಕೋಶದ ಒಳಭಾಗಗಳು ಬಿರಿಯುವ ಅಪಾಯವೂ ಉಂಟು.

ಕೋಶದಿಂದ ಶಕ್ತಿಯನ್ನು ತೆಗೆಯುವುದಕ್ಕಿಂತ ಅದಕ್ಕೆ ಶಕ್ತಿಯನ್ನು ತುಂಬುವುದು ಶೈತ್ಯದಲ್ಲಿ ಹೆಚ್ಚು ಕಷ್ಟ. ಲಿಥಿಯಮ್ ಅಯಾನ್ ಕೋಶವನ್ನು ಅತಿಶೈತ್ಯದಲ್ಲಿ ಆತುರದಿಂದ ಮರುಪೂರಣ ಮಾಡಿದರೆ ಲಿಥಿಯಮ್ಮು ಧ್ರುವದ ಒಳಹೊಕ್ಕು ನೆಲಸುವುದನ್ನು ಬಿಟ್ಟು ಅದರ ಮೇಲೆಯೇ ಲೋಹವಾಗಿ ಲೇಪಗೊಳ್ಳುತ್ತದೆ. ಇದರಿಂದ ಕೋಶದ ಧಾರಣಶಕ್ತಿ ಶಾಶ್ವತವಾಗಿ ಕುಗ್ಗುತ್ತದೆ.

ಶೈತ್ಯವು ಎಲ್ಲೆಡೆಯೂ ಒಂದೇ ಬಗೆಯದಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. ಚಂದ್ರನ ಇರುಳು ನಮ್ಮ ಹದಿನಾಲ್ಕು ದಿನಗಳಷ್ಟು ದೀರ್ಘವಾದುದು. ಆಗ ಅದರ ಸಮಭಾಜಕ ಪ್ರದೇಶದಲ್ಲಿಯೇ ಉಷ್ಣತೆ ಸೊನ್ನೆಯ ಕೆಳಗೆ ಸುಮಾರು ೧೭೦ ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಯುತ್ತದೆ. ಮಂಗಳದ ಇರುಳು ನಮ್ಮ ಇರುಳಿಗಿಂತ ತುಸುವೇ ದೀರ್ಘ. ಉಷ್ಣತೆ ಅನೇಕ ಕಡೆ ಸೊನ್ನೆಯ ಕೆಳಗೆ ೮೦ರಿಂದ ೧೦೦ ಡಿಗ್ರಿಯವರೆಗೆ ಇಳಿದರೂ ಬೆಳಗಾದೊಡನೆ ಮತ್ತೆ ಏರುತ್ತದೆ. ಚಂದ್ರನ ಮೇಲೆ ನೌಕೆಯು ಒಂದು ದೀರ್ಘವಾದ ಪರೀಕ್ಷೆಯನ್ನು ಎದುರಿಸಬೇಕು. ಮಂಗಳದ ಮೇಲೆ ಸಣ್ಣ ಪರೀಕ್ಷೆಯೊಂದನ್ನು ನಿತ್ಯವೂ ಎದುರಿಸಬೇಕು.

೩

ಬಾಹ್ಯಾಕಾಶಯುಗದ ಆರಂಭದ ನೌಕೆಗಳು ಮರಣವನ್ನು ಒಪ್ಪಿಕೊಂಡೇ ಹೊರಟವು. ೧೯೫೭ರ ಅಕ್ಟೋಬರ್ ೪ರಂದು ಸೋವಿಯತ್ ಒಕ್ಕೂಟವು ಕಕ್ಷೆಗೇರಿಸಿದ ಮೊದಲನೆಯ ಸ್ಪುಟ್ನಿಕ್ಕಿನ ಒಟ್ಟು ತೂಕ ೮೩.೬ ಕಿಲೋಗ್ರಾಂ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಬೆಳ್ಳಿ ಮತ್ತು ಸತುವಿನ ವಿದ್ಯುತ್ಕೋಶಗಳದೇ ಆಗಿತ್ತು. ಅದು ಸುಮಾರು ಮೂರು ವಾರಗಳ ಕಾಲ ಸಂಕೇತಗಳನ್ನು ಕಳುಹಿಸಿ, ಕೋಶಗಳು ಬರಿದಾದೊಡನೆ ಮೌನ ತಾಳಿತು. ೧೯೫೮ರ ಮಾರ್ಚಿಯಲ್ಲಿ ಅಮೆರಿಕವು ಹಾರಿಸಿದ ವ್ಯಾನ್‌ಗಾರ್ಡ್ ಎಂಬ ಪುಟ್ಟ ಉಪಗ್ರಹವು ಸೌರಕೋಶಗಳನ್ನು ಹೊತ್ತಿದ್ದುದರಿಂದ ೧೯೬೪ರವರೆಗೆ ಸಂಕೇತಗಳನ್ನು ಕಳುಹಿಸುತ್ತಿತ್ತು. ಇದರಿಂದ ಸೂರ್ಯನ ಬೆಳಕು ಇರುವವರೆಗೆ ಶಕ್ತಿಗೆ ಕೊರತೆಯಿಲ್ಲವೆಂಬುದು ಸಿದ್ಧವಾಯಿತು. ಬೆಳಕಿಲ್ಲದಾಗ ಏನು ಮಾಡಬೇಕೆಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

೧೯೬೬ರ ಫೆಬ್ರವರಿ ೩ರಂದು ಸೋವಿಯತ್ತಿನ ಲೂನಾ ೯ ಚಂದ್ರನ ಮೇಲೆ ಮೃದುವಾಗಿ ಇಳಿದ ಪ್ರಥಮ ನೌಕೆಯಾಯಿತು. ಅದರ ಬಾಳು ಮೂರು ದಿನಗಳದು. ಒಯ್ದ ಶಕ್ತಿ ತೀರಿತು, ಕಾರ್ಯವೂ ಮುಗಿಯಿತು. ಅದೇ ವರ್ಷದ ಜೂನ್ ೨ರಂದು ಇಳಿದ ಅಮೆರಿಕದ ಸರ್ವೇಯರ್ ೧ ಬೇರೊಂದು ಉದ್ದೇಶವನ್ನು ಸೂಚಿಸುತ್ತದೆ. ಅದರ ಬೆಳ್ಳಿ–ಸತು ಕೋಶವನ್ನು ಪದರ ಪದರವಾದ ಉಷ್ಣನಿರೋಧಕ ಹೊದಿಕೆಯುಳ್ಳ ಪೆಟ್ಟಿಗೆಯಲ್ಲಿ ಇರಿಸಲಾಗಿತ್ತು. ಸೌರಫಲಕದಿಂದ ಅದನ್ನು ಮರಳಿ ತುಂಬುವ ಏರ್ಪಾಡೂ ಇತ್ತು. ಚಂದ್ರನ ಮೊದಲ ಇರುಳನ್ನು ಅದು ದಾಟಿ ಮತ್ತೆ ಮಾತನಾಡಿತು. ೧೯೬೭ರ ಜನವರಿ ೭ರವರೆಗೂ ಅದರೊಡನೆ ಸಂಪರ್ಕವಿತ್ತು.

ಈ ಒಂದು ಯಶಸ್ಸಿನಿಂದ ಸಮಸ್ಯೆಯು ಬಗೆಹರಿಯಿತೆಂದು ತೀರ್ಮಾನಿಸುವುದು ದುಡುಕಾದೀತು. ಅದೇ ಕುಲದ ಸರ್ವೇಯರ್ ೩, ೧೯೬೭ರ ಏಪ್ರಿಲ್ ೨೦ರಂದು ಇಳಿದು, ಮೊದಲ ಇರುಳಿನ ಬಳಿಕ ಎಚ್ಚರಗೊಳ್ಳಲೇ ಇಲ್ಲ. ೧೯೬೮ರ ಜನವರಿಯಲ್ಲಿ ಇಳಿದ ಸರ್ವೇಯರ್ ೭ರ ಕೋಶವು ಇರುಳಿನಲ್ಲಿ ಹಾನಿಗೊಂಡಿತು. ಆಮೇಲೆ ಸಂಪರ್ಕವು ಆಗೊಮ್ಮೆ ಈಗೊಮ್ಮೆ ಎಂಬಂತಾಗಿ ಫೆಬ್ರವರಿ ೨೧ರಂದು ಕಡಿದುಹೋಯಿತು. ರಚನೆಯೊಂದೇ ಆದರೂ ಗತಿ ಬೇರೆ ಬೇರೆ. ೧೯೬೯ರ ನವೆಂಬರಿನಲ್ಲಿ ಅಪೋಲೋ ೧೨ರ ಯಾತ್ರಿಕರು ಸರ್ವೇಯರ್ ೩ರ ಬಳಿಗೆ ನಡೆದುಹೋಗಿ ಅದರ ಕ್ಯಾಮೆರಾ ಮೊದಲಾದ ಕೆಲವು ಭಾಗಗಳನ್ನು ಭೂಮಿಗೆ ತಂದರು, ವಿದ್ಯುತ್ಕೋಶವನ್ನು ತರಲಿಲ್ಲ. ಹೀಗಾಗಿ ಚಂದ್ರನ ಇರುಳಿನಲ್ಲಿ ಮಡಿದ ಕೋಶದ ಒಳಗನ್ನು ಬಿಚ್ಚಿ ನೋಡುವ ಅವಕಾಶ ಅಂದು ಕೈತಪ್ಪಿತು. ಇಂತಹ ನೌಕೆಗಳ ಅಂತ್ಯದ ಕಾರಣವನ್ನು ಹೇಳುವಾಗ ನಮ್ಮ ಮುಂದಿರುವುದು ಅವು ಕೊನೆಯದಾಗಿ ಕಳುಹಿಸಿದ ಅಂಕಿಗಳು ಮಾತ್ರ ಎಂಬುದನ್ನು ಅಭ್ಯಾಸಿಗಳು ಮರೆಯಲಾಗದು.

೪

ಇಷ್ಟರಲ್ಲಿ ಎರಡನೆಯ ದಾರಿಯೊಂದು ತೆರೆದಿತ್ತು. ಕೋಶವು ಶೈತ್ಯವನ್ನು ತಾಳಲಾರದಾದರೆ ಶೈತ್ಯವೇ ಅದರ ಬಳಿ ಸುಳಿಯದಂತೆ ಮಾಡುವುದು ಆ ದಾರಿ. ೧೯೭೦ರ ನವೆಂಬರ್ ೧೭ರಂದು ಚಂದ್ರನ ಮೇಲಿಳಿದ ಸೋವಿಯತ್ತಿನ ಲೂನೋಖೋದ್ ೧ ಎಂಬ ಗಾಲಿಬಂಡಿಯು ಪೊಲೋನಿಯಮ್ ೨೧೦ ಎಂಬ ವಿಕಿರಣಧಾತುವನ್ನು ಒಲೆಯಂತೆ ಹೊತ್ತಿತ್ತು. ಅದರ ಮೇಲ್ಭಾಗಕ್ಕೆ ಒಂದು ಮುಚ್ಚಳವಿತ್ತು. ಮುಚ್ಚಳದ ಒಳಮೈಯಲ್ಲಿ ಸೌರಕೋಶಗಳಿದ್ದವು. ಹಗಲಿನಲ್ಲಿ ಮುಚ್ಚಳ ತೆರೆದು ಬಿಸಿಲನ್ನು ಉಣ್ಣುವುದು, ಇರುಳಿನಲ್ಲಿ ಮುಚ್ಚಿಕೊಂಡು ಒಳಗಿನ ಕಾವಿನಲ್ಲಿ ಮಲಗುವುದು ಅದರ ದಿನಚರಿ. ಮೂರು ತಿಂಗಳ ಬಾಳಿಗೆಂದು ರಚಿತವಾದ ಬಂಡಿಯು ಸುಮಾರು ಹತ್ತು ತಿಂಗಳು ಬಾಳಿ ೧೯೭೧ರ ಸೆಪ್ಟೆಂಬರ್ ೧೪ರಂದು ಕೊನೆಯ ಸಂಕೇತವನ್ನು ಕಳುಹಿಸಿತು. ಪೊಲೋನಿಯಮ್ ೨೧೦ರ ಅರ್ಧಾಯುಷ್ಯ ೧೩೮ ದಿನಗಳು. ನಾವು ಎಣಿಸಿ ನೋಡಿದಂತೆ, ಉಡಾವಣೆಯ ದಿನ ಇದ್ದ ಕಾವಿನಲ್ಲಿ ಸುಮಾರು ಐದನೆಯ ಒಂದು ಪಾಲು ಮಾತ್ರ ಅಂದಿಗೆ ಉಳಿದಿರಬೇಕು. ೧೯೭೩ರ ಲೂನೋಖೋದ್ ೨ರ ಅಂತ್ಯವು ಇದಕ್ಕೆ ವಿಪರೀತವಾದುದು: ಮುಚ್ಚಳವು ಕುಳಿಯ ಗೋಡೆಗೆ ತಾಗಿ ಅದರೊಳಕ್ಕೆ ಬಿದ್ದ ಧೂಳು, ಮುಚ್ಚಿದಾಗ ಶಾಖವಿಸರ್ಜಕದ ಮೇಲೆ ಹರಡಿ, ಬಂಡಿಯು ತಾಪದಿಂದಲೇ ಕೆಟ್ಟಿತು. ಶೈತ್ಯಕ್ಕೆಂದು ಹೊದಿಸಿದ ಕಂಬಳಿಯೇ ಬೇಸಗೆಯಲ್ಲಿ ಬಾಧಕವಾಗಬಹುದು.

ಅಮೆರಿಕದವರು ಮಂಗಳಕ್ಕಾಗಿ ಪ್ಲುಟೋನಿಯಮ್ ೨೩೮ನ್ನು ಆರಿಸಿಕೊಂಡರು. ಅದರ ಅರ್ಧಾಯುಷ್ಯ ಸುಮಾರು ೮೮ ವರ್ಷಗಳಾದುದರಿಂದ ಅದು ಬೇಗ ತಣ್ಣಗಾಗುವುದಿಲ್ಲ. ೧೯೭೬ರಲ್ಲಿ ಇಳಿದ ಎರಡು ವೈಕಿಂಗ್ ನೌಕೆಗಳಿಗೆ ವಿದ್ಯುತ್ತೂ ಕಾವೂ ಈ ಧಾತುವಿನಿಂದ ದೊರೆಯುತ್ತಿದ್ದವು; ಹೆಚ್ಚಿನ ಶಕ್ತಿ ಬೇಕಾದ ಹೊತ್ತಿಗೆಂದು ನಿಕಲ್–ಕ್ಯಾಡ್ಮಿಯಮ್ ಕೋಶಗಳೂ ಇದ್ದವು. ವೈಕಿಂಗ್ ೨ರ ಕಾರ್ಯವು ೧೯೮೦ರ ಏಪ್ರಿಲಿನಲ್ಲಿ ಕೋಶಗಳ ವೈಫಲ್ಯದಿಂದ ನಿಂತಿತು. ವೈಕಿಂಗ್ ೧ರ ಕಥೆ ಇನ್ನೂ ಬೋಧಪ್ರದವಾದುದು. ಮುಪ್ಪಾಗುತ್ತಿದ್ದ ಕೋಶಗಳನ್ನು ಮರುಪೂರಣ ಮಾಡುವ ಕ್ರಮವನ್ನು ಸುಧಾರಿಸಲು ೧೯೮೨ರ ನವೆಂಬರಿನಲ್ಲಿ ಭೂಮಿಯಿಂದ ಕಳುಹಿಸಿದ ಆದೇಶವು, ಆಂಟೆನಾವನ್ನು ಭೂಮಿಯ ಕಡೆಗೆ ತಿರುಗಿಸುವ ಮಾಹಿತಿಯ ಮೇಲೆಯೇ ಅಚಾತುರ್ಯದಿಂದ ಬರೆಯಲ್ಪಟ್ಟಿತು. ನೌಕೆಯ ದನಿ ಮತ್ತೆ ಕೇಳಲಿಲ್ಲ. ಈ ಅಂತ್ಯಕ್ಕೆ ಸಮೀಪಕಾರಣವು ಮನುಷ್ಯನ ತಪ್ಪು, ದೂರಕಾರಣವು ಕೋಶದ ಮುಪ್ಪು. ಸಾಮ್ರಾಜ್ಯಗಳ ಪತನವನ್ನು ವಿವೇಚಿಸುವಾಗ ನಾವು ಪಾಲಿಸುವ ಈ ಭೇದವನ್ನು ಯಂತ್ರಗಳ ವಿಷಯದಲ್ಲಿಯೂ ಪಾಲಿಸಬೇಕಾಗಿದೆ.

೫

ಮೂರನೆಯ ದಾರಿಯು ಕೋಶದ ರಸಾಯನವನ್ನೇ ಬದಲಿಸುವುದು. ೧೯೯೭ರ ಜುಲೈ ೪ರಂದು ಮಂಗಳಕ್ಕೆ ಇಳಿದ ಪಾಥ್‌ಫೈಂಡರ್ ನೌಕೆಯು ಸ್ಪುಟ್ನಿಕ್ಕಿನ ಕಾಲದ ಬೆಳ್ಳಿ–ಸತು ಕೋಶದ ಮರುಪೂರಣೀಯ ರೂಪವನ್ನೇ ಹೊತ್ತಿತ್ತು. ತೂಕಕ್ಕೆ ಹೋಲಿಸಿದರೆ ಅದರ ಶಕ್ತಿ ಅಧಿಕ. ಆದರೆ ತುಂಬಿ ತೆಗೆಯುವ ಆವರ್ತನೆಗಳನ್ನು ಅದು ಬಹುಕಾಲ ತಾಳದು. ಸೆಪ್ಟೆಂಬರಿನ ಕೊನೆಗೆ ಸಂಪರ್ಕ ಕಡಿಯಿತು. ಕೋಶವು ಸವೆದು ನೌಕೆಯು ಇರುಳಿನಲ್ಲಿ ತಣ್ಣಗಾದುದೇ ಕಾರಣವಿರಬೇಕೆಂದು ಊಹಿಸಲಾಗಿದೆ. ಮುಂದೆ ೧೯೯೯ರ ಡಿಸೆಂಬರಿನಲ್ಲಿ ಡೀಪ್ ಸ್ಪೇಸ್ ೨ ಎಂಬ ಯೋಜನೆಯ ಎರಡು ಪುಟ್ಟ ಶೋಧಕಗಳು ಮಂಗಳದ ದಕ್ಷಿಣ ಧ್ರುವದ ಸಮೀಪಕ್ಕೆ ಹೋದವು. ಅಂಟಾರ್ಕ್ಟಿಕದ ಅನ್ವೇಷಕರಾದ ಅಮುಂಡ್‌ಸೆನ್ ಮತ್ತು ಸ್ಕಾಟರ ಹೆಸರನ್ನು ಅವುಗಳಿಗೆ ಇಡಲಾಗಿತ್ತು. ಸೊನ್ನೆಯ ಕೆಳಗೆ ೮೦ ಡಿಗ್ರಿಯಲ್ಲಿಯೂ ಕೆಲಸ ಮಾಡುವಂತೆ ಲಿಥಿಯಮ್ ಕೋಶಗಳನ್ನು ಅವುಗಳಿಗಾಗಿ ರಚಿಸಿದ್ದರು. ಇಳಿದ ಬಳಿಕ ಆ ಶೋಧಕಗಳಿಂದ ಯಾವ ಸಂಕೇತವೂ ಬರಲಿಲ್ಲ. ಕೋಶಗಳು ನೆರವೇರಿಸಬೇಕಾಗಿದ್ದ ಪರೀಕ್ಷೆ ನಡೆಯದೆಯೇ ಹೋಯಿತು.

೨೦೦೪ರ ಜನವರಿಯಲ್ಲಿ ಇಳಿದ ಸ್ಪಿರಿಟ್ ಮತ್ತು ಆಪರ್ಚ್ಯುನಿಟಿ ಬಂಡಿಗಳೊಡನೆ ಲಿಥಿಯಮ್ ಅಯಾನ್ ಕೋಶವು ಮಂಗಳದ ನೆಲದಲ್ಲಿ ನೆಲೆಯೂರಿತು. ೧೯೯೧ರಲ್ಲಿ ಮಾರುಕಟ್ಟೆಗೆ ಬಂದ ಈ ಬಗೆಯ ಕೋಶದ ದ್ರವದಲ್ಲಿ ಎಥಿಲೀನ್ ಕಾರ್ಬನೇಟ್ ಮುಖ್ಯವಾದುದು. ಅದು ಸುಮಾರು ೩೬ ಡಿಗ್ರಿಯಲ್ಲಿ ಕರಗುವಂಥದು. ಬೆಂಗಳೂರಿನ ಸಾಧಾರಣ ಹವೆಯಲ್ಲಿಯೇ ಅದು ಘನಪದಾರ್ಥ. ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ವಿಜ್ಞಾನಿಗಳು ಅದರೊಡನೆ ತೆಳುವಾದ ಇನ್ನೆರಡು ಕಾರ್ಬನೇಟುಗಳನ್ನು ಬೆರೆಸಿ ಸೊನ್ನೆಯ ಕೆಳಗೆ ೨೦ ಡಿಗ್ರಿಯಲ್ಲಿಯೂ ಕೋಶವು ಕೆಲಸ ಮಾಡುವಂತೆ ಮಾಡಿದರು. ಹೊರಗಿನ ಇರುಳು ಇದಕ್ಕಿಂತಲೂ ಎಷ್ಟೋ ಪಾಲು ತಣ್ಣಗಿದ್ದುದರಿಂದ ಏರೋಜೆಲ್ ಎಂಬ ಅತಿಹಗುರವಾದ ಉಷ್ಣನಿರೋಧಕದ ಪೆಟ್ಟಿಗೆಯನ್ನೂ, ಪ್ಲುಟೋನಿಯಮ್ಮಿನ ಎಂಟು ಸಣ್ಣ ಶಾಖಕಗಳನ್ನೂ, ವಿದ್ಯುತ್ ಶಾಖಕಗಳನ್ನೂ ಅಳವಡಿಸಿದರು. ಹಳೆಯ ದಾರಿಯನ್ನು ಬಿಡದೆ ಹೊಸದನ್ನು ಅದರೊಡನೆ ಕೂಡಿಸಿಕೊಂಡರು ಎಂಬುದು ಇಲ್ಲಿ ಗಮನಾರ್ಹ. ತೊಂಬತ್ತು ಮಂಗಳದಿನಗಳಿಗೆಂದು ಹೋದ ಬಂಡಿಗಳಲ್ಲಿ ಸ್ಪಿರಿಟ್ ೨೦೧೦ರ ಮಾರ್ಚಿಯವರೆಗೂ, ಆಪರ್ಚ್ಯುನಿಟಿ ೨೦೧೮ರ ಜೂನ್ ೧೦ರವರೆಗೂ ಉತ್ತರ ಕೊಟ್ಟವು. ಮರಳಿನಲ್ಲಿ ಹೂತ ಸ್ಪಿರಿಟ್ ಚಳಿಗಾಲದ ಸೂರ್ಯನ ಕಡೆಗೆ ವಾಲಲಾರದೆ ಹೋಯಿತು. ಆಪರ್ಚ್ಯುನಿಟಿಯನ್ನು ಗ್ರಹವನ್ನೇ ಕವಿದ ಧೂಳಿನ ಬಿರುಗಾಳಿ ಬಾಧಿಸಿತು. ಎರಡಕ್ಕೂ ಮೊದಲು ಬೆಳಕು ತಪ್ಪಿತು. ಆಮೇಲೆ ಕಾವು ತಪ್ಪಿತು.

೬

ಇಲ್ಲಿಯವರೆಗೆ ಹೇಳಿದ ಎರಡನೆಯ ದಾರಿಗೆ ವಿಕಿರಣಧಾತು ಬೇಕು. ಪ್ಲುಟೋನಿಯಮ್ ೨೩೮ ಭೂಮಿಯಲ್ಲಿ ಅಗೆದು ತೆಗೆಯಬಹುದಾದ ಪದಾರ್ಥವಲ್ಲ. ಪರಮಾಣು ಸ್ಥಾವರಗಳಲ್ಲಿ ಸೃಷ್ಟಿಸಬೇಕಾದುದು. ಅಮೆರಿಕದಲ್ಲಿ ಅದು ಶೀತಲ ಸಮರದ ಅಸ್ತ್ರನಿರ್ಮಾಣದ ನೆರಳಿನಲ್ಲಿ ಬೆಳೆದ ಉದ್ಯಮ. ೧೯೮೮ರಲ್ಲಿ ಅಲ್ಲಿ ಅದರ ಉತ್ಪಾದನೆ ನಿಂತಿತು. ಬಳಿಕ ರಷ್ಯದಿಂದ ಕೊಳ್ಳಬೇಕಾಯಿತು. ೨೦೧೫ರಲ್ಲಿ ಓಕ್ ರಿಜ್ ಪ್ರಯೋಗಶಾಲೆಯಲ್ಲಿ ಮತ್ತೆ ತಯಾರಾದುದು ಮೊದಲಿಗೆ ಕೇವಲ ೫೦ ಗ್ರಾಂ. ಚೀನವು ೨೦೧೩ರ ಚಾಂಗ್'ಎ ೩ ಮತ್ತು ೨೦೧೯ರ ಚಾಂಗ್'ಎ ೪ ನೌಕೆಗಳಲ್ಲಿ ವಿಕಿರಣಧಾತುವಿನ ಕಾವನ್ನೇ ಅವಲಂಬಿಸಿತು. ಅಂತೂ ಅನ್ಯಗ್ರಹದಲ್ಲಿ ಬೆಚ್ಚಗಿರುವುದು ಎಲ್ಲ ರಾಷ್ಟ್ರಗಳಿಗೂ ಸಮಾನವಾಗಿ ದೊರೆತ ಸೌಕರ್ಯವಲ್ಲ.

ಈ ಸೌಕರ್ಯವಿಲ್ಲದವರು ಏನು ಮಾಡಿದರು? ಯೂರೋಪಿನ ಫೀಲೇ ಶೋಧಕವು ೨೦೧೪ರ ನವೆಂಬರ್ ೧೨ರಂದು ಧೂಮಕೇತುವೊಂದರ ಮೇಲೆ ಇಳಿದಾಗ ಎರಡು ಬಗೆಯ ಕೋಶಗಳನ್ನು ಹೊತ್ತಿತ್ತು: ಒಂದು ಮರುಪೂರಣವಾಗದುದು, ಮತ್ತೊಂದು ಬಿಸಿಲಿನಿಂದ ಮರುಪೂರಣವಾಗುವುದು. ಅದು ಪುಟಿದು ನೆರಳಿನಲ್ಲಿ ಬಿದ್ದುದರಿಂದ ಎರಡನೆಯದು ನಿರುಪಯೋಗವಾಯಿತು. ಆದರೂ ಮೊದಲನೆಯದರ ಬಲದಿಂದ ಎರಡು ದಿನಗಳಿಗೂ ಮೀರಿ ಕೆಲಸ ಮಾಡಿ ಬಹುಭಾಗದ ಪ್ರಯೋಗಗಳನ್ನು ನಡೆಸಿತು. ೨೦೧೫ರ ಜೂನ್‌ನಲ್ಲಿ ಧೂಮಕೇತು ಸೂರ್ಯನನ್ನು ಸಮೀಪಿಸಿದಾಗ ಶೋಧಕವು ಕೆಲವು ಸಲ ಎಚ್ಚತ್ತು ಮಾತನಾಡಿತು. ತಿಂಗಳುಗಟ್ಟಲೆ ಹೆಪ್ಪಾಗಿದ್ದ ಯಂತ್ರವು ಮತ್ತೆ ಜೀವ ತಳೆಯಬಲ್ಲುದೆಂಬುದಕ್ಕೆ ಇದು ಬಲವಾದ ಸಾಕ್ಷ್ಯ.

ಇದೇ ಅಂಶವನ್ನು ಮಂಗಳದ ಇಂಜೆನ್ಯುಯಿಟಿ ಹೆಲಿಕಾಪ್ಟರು ಮತ್ತಷ್ಟು ಸ್ಪಷ್ಟಪಡಿಸಿತು. ೧.೮ ಕಿಲೋಗ್ರಾಂ ತೂಕದ ಆ ಯಂತ್ರದಲ್ಲಿ ವಿಕಿರಣಧಾತುವಿಗೆ ಎಡೆಯಿರಲಿಲ್ಲ; ಇದ್ದುದು ಅಂಗಡಿಗಳಲ್ಲಿ ಮಾರುವ ಬಗೆಯ ಆರು ಲಿಥಿಯಮ್ ಅಯಾನ್ ಕೋಶಗಳು. ದಿನದ ಶಕ್ತಿಯಲ್ಲಿ ಹೆಚ್ಚಿನ ಭಾಗವು ಹಾರಾಟಕ್ಕಲ್ಲ, ಇರುಳಿನಲ್ಲಿ ಬೆಚ್ಚಗಿರುವುದಕ್ಕೆ ವ್ಯಯವಾಗುತ್ತಿತ್ತು. ೨೦೨೨ರ ಮೇ ತಿಂಗಳ ಆರಂಭದಲ್ಲಿ, ಚಳಿಗಾಲದ ಧೂಳಿನಿಂದ ಮರುಪೂರಣ ಕುಗ್ಗಿ, ಕೋಶವು ಇರುಳಿನಲ್ಲಿ ಬರಿದಾಗಿ, ಯಂತ್ರದ ಗಡಿಯಾರವೇ ತಪ್ಪಿಹೋಯಿತು. ಎರಡು ದಿನಗಳಲ್ಲಿ ಸಂಪರ್ಕ ಮರಳಿತು. ಆಗ ಕೈಗೊಂಡ ಕ್ರಮಗಳಲ್ಲಿ ಒಂದು ವಿಚಾರಾರ್ಹ: ಸೊನ್ನೆಯ ಕೆಳಗೆ ೧೫ ಡಿಗ್ರಿಯಲ್ಲಿ ಹೊತ್ತಿಕೊಳ್ಳುತ್ತಿದ್ದ ಶಾಖಕಗಳನ್ನು ೪೦ ಡಿಗ್ರಿಯ ತನಕ ಹೊತ್ತಿಕೊಳ್ಳದಂತೆ ಬದಲಿಸಿದರು. ಎಂದರೆ ಶೈತ್ಯವನ್ನು ತಡೆಯುವುದನ್ನು ಬಿಟ್ಟು ಅದಕ್ಕೆ ಎಡೆಗೊಟ್ಟು ಶಕ್ತಿಯನ್ನು ಉಳಿಸಿದರು. ಐದು ಹಾರಾಟಗಳಿಗೆಂದು ಹೋದ ಯಂತ್ರವು ೨೦೨೪ರ ಜನವರಿ ೧೮ರವರೆಗೆ ೭೨ ಬಾರಿ ಹಾರಿತು. ಕೊನೆಗೆ ಮುರಿದುದು ಅದರ ರೆಕ್ಕೆ, ಕೋಶವಲ್ಲ.

೭

ಈ ಪರಂಪರೆಯಲ್ಲಿ ಭಾರತದ ವಿಕ್ರಮ ನೌಕೆಯ ಸ್ಥಾನವೇನೆಂಬುದನ್ನು ನಾವೀಗ ವಿಚಾರಿಸಬಹುದು. ೨೦೨೩ರ ಆಗಸ್ಟ್ ೨೩ರ ಸಂಜೆ ಚಂದ್ರಯಾನ ೩ರ ವಿಕ್ರಮವು ಚಂದ್ರನ ದಕ್ಷಿಣಕ್ಕೆ ಸುಮಾರು ೬೯ ಡಿಗ್ರಿ ಅಕ್ಷಾಂಶದಲ್ಲಿ ಇಳಿಯಿತು. ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದಲೂ ಸಮೀಪದ ಬ್ಯಾಲಾಳುವಿನ ಆಂಟೆನಾಗಳಿಂದಲೂ ಅದರ ಕಾರ್ಯ ನಡೆಯಿತು. ಅದರಲ್ಲಿದ್ದ ಉಷ್ಣಮಾಪಕವು ಬಿಸಿಲಿನಲ್ಲಿ ಸುಡುತ್ತಿದ್ದ ನೆಲದ ಎಂಟು ಸೆಂಟಿಮೀಟರ್ ಆಳದಲ್ಲಿಯೇ ಉಷ್ಣತೆ ಸೊನ್ನೆಯ ಕೆಳಗೆ ಸುಮಾರು ೧೦ ಡಿಗ್ರಿ ಇದ್ದುದನ್ನು ತೋರಿಸಿತು. ಪ್ರಜ್ಞಾನ ಬಂಡಿಯನ್ನು ಸೆಪ್ಟೆಂಬರ್ ೨ರಂದೂ ವಿಕ್ರಮವನ್ನು ೪ರಂದೂ ನಿದ್ರಾವಸ್ಥೆಗೆ ಕಳುಹಿಸಲಾಯಿತು. ಬಂಡಿಯ ಕೋಶವನ್ನು ಪೂರ್ಣವಾಗಿ ತುಂಬಿ, ಫಲಕವನ್ನು ಮುಂದಿನ ಸೂರ್ಯೋದಯದ ಕಡೆಗೆ ತಿರುಗಿಸಿ ಇಡಲಾಗಿತ್ತು. ಸೆಪ್ಟೆಂಬರ್ ೨೨ರಂದು ಕರೆದಾಗ ಉತ್ತರ ಬರಲಿಲ್ಲ.

ಆ ದಿನಗಳಲ್ಲಿ ಇದನ್ನು ಒಂದು ಸೋಲೆಂದು ಭಾವಿಸಿದವರು ನಮ್ಮಲ್ಲಿ ಉಂಟು. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಇಂದಿಗೂ ಈ ಭಾವನೆ ಇಣುಕುತ್ತದೆ. ಮೇಲಿನ ಸಮೀಕ್ಷೆಯನ್ನು ಲಕ್ಷಿಸಿದರೆ ಈ ನಿರ್ಣಯವು ನಿಲ್ಲದು. ವಿಕ್ರಮವು ಒಂದು ಚಾಂದ್ರ ಹಗಲಿಗೆಂದು ರಚಿತವಾದುದು. ಲೂನೋಖೋದಿನಂತೆ ಇರುಳನ್ನು ಕಳೆಯಲು ವಿಕಿರಣಧಾತುವಿನ ಒಲೆ ಅದರಲ್ಲಿರಲಿಲ್ಲ. ಅದನ್ನು ಲೂನಾ ೯ರ ಪಂಕ್ತಿಯಲ್ಲಿರಿಸಿ ತೂಗಬೇಕಲ್ಲದೆ ಲೂನೋಖೋದಿನ ಪಂಕ್ತಿಯಲ್ಲಿ ಅಲ್ಲ. ಎಚ್ಚರಿಸುವ ಯತ್ನವು ವ್ಯರ್ಥವೂ ಆಗಿರಲಿಲ್ಲ. ಜಪಾನಿನ ಸ್ಲಿಮ್ ನೌಕೆಯು ೨೦೨೪ರ ಜನವರಿಯಲ್ಲಿ ತಲೆಕೆಳಗಾದಂತೆ ಇಳಿದು, ಇರುಳನ್ನು ಸಹಿಸುವಂತೆ ರಚಿತವಾಗಿರದಿದ್ದರೂ, ಮೂರು ಇರುಳುಗಳ ಬಳಿಕವೂ ಎಚ್ಚತ್ತಿತು.

ಈವರೆಗಿನ ವಿವೇಚನೆಯಿಂದ ನಾವು ಮೂರು ಅಂಶಗಳನ್ನು ಮುಂದಿಡಬಯಸುತ್ತೇವೆ. ಮೊದಲನೆಯದಾಗಿ, ಶೈತ್ಯದ ಎದುರಿನಲ್ಲಿ ವಿದ್ಯುತ್ಕೋಶದ ಚರಿತ್ರೆಯು ದುರ್ಬಲವಾದುದು ಹೋಗಿ ಪ್ರಬಲವಾದುದು ಬಂದ ನೇರವಾದ ಚರಿತ್ರೆಯಲ್ಲ. ಅಲ್ಪಾಯುಷ್ಯವನ್ನು ಒಪ್ಪುವುದು, ಕಾವನ್ನು ಒಯ್ಯುವುದು, ರಸಾಯನವನ್ನು ಬದಲಿಸುವುದು, ಹೆಪ್ಪುಗಟ್ಟಲು ಬಿಟ್ಟು ಎಬ್ಬಿಸುವುದು, ಈ ನಾಲ್ಕೂ ಒಟ್ಟಿಗೇ ಬಾಳುತ್ತ ಬಂದಿವೆ. ಎರಡನೆಯದಾಗಿ, ಇವುಗಳಲ್ಲಿ ಯಾವುದನ್ನು ಹಿಡಿಯಬೇಕೆಂಬುದನ್ನು ಪರಮಾಣು ಉದ್ಯಮದ ಒಡೆತನವು ಬಹಳಷ್ಟು ಮಟ್ಟಿಗೆ ನಿರ್ಣಯಿಸಿದೆ. ಆ ಒಡೆತನವು ವಿಷಮವಾಗಿರುವವರೆಗೆ ಶೈತ್ಯವನ್ನು ಸಹಿಸುವ ಕೋಶದ ಶೋಧನೆಯು, ಅದಿಲ್ಲದವರ ಪಾಲಿಗೆ, ಸ್ವಾತಂತ್ರ್ಯದ ಪ್ರಶ್ನೆಯೂ ಆಗಿದೆ. ಮೂರನೆಯದಾಗಿ, ನೌಕೆಯ ಮೌನಕ್ಕೆ ಕೋಶವೇ ಕಾರಣವೆಂದು ಬರೆಯುವಾಗ ಯಾವುದು ಸಾಕ್ಷ್ಯ, ಯಾವುದು ಊಹೆ ಎಂಬುದನ್ನು ಬೇರ್ಪಡಿಸಿ ಹೇಳುವುದು ಚರಿತ್ರಕಾರನ ಹೊಣೆ.

ಗ್ರಹಾನ್ವೇಷಣೆಯ ಕಾಲಾನುಕ್ರಮಣಿಕೆಯನ್ನು ಬೋಧಿಸುವ ಅಧ್ಯಾಪಕರು ಇಳಿದ ತೇದಿಯ ಪಕ್ಕದಲ್ಲಿ ಇನ್ನೆರಡು ಅಂಕಣಗಳನ್ನು ಸೇರಿಸಿಕೊಳ್ಳಬೇಕೆಂದು ನಮ್ಮ ವಿಜ್ಞಾಪನೆ: ನೌಕೆಯು ಎಷ್ಟು ಕಾಲಕ್ಕೆಂದು ರಚಿತವಾಗಿತ್ತು, ಎಷ್ಟು ಕಾಲ ಬಾಳಿತು. ಈ ಎರಡು ಅಂಕಿಗಳನ್ನು ಜೊತೆಯಲ್ಲಿಟ್ಟು ನೋಡಿದಾಗಲೇ ಗೆಲವು ಸೋಲುಗಳ ಮಾತನ್ನು ಆಡುವ ಅಧಿಕಾರ ನಮಗೆ ಬರುತ್ತದೆ.